ಸಮುದ್ರ ಬಿಟ್ಟುಹೋದ ಬಂದರು

ಗುಜರಾತ್ ಪ್ರವಾಸಕ್ಕೆಂದು ಕರ್ನಾಟಕದಿಂದ ಹೊರಡುವ ಬಸ್ಸುಗಳ ಪಟ್ಟಿಯಲ್ಲಿ ದ್ವಾರಕೆ ಇರುತ್ತದೆ, ಸೋಮನಾಥ ಇರುತ್ತದೆ, ಈಚೆಗೆ 182 ಮೀಟರ್ ಎತ್ತರದ ಪಟೇಲರ ಪ್ರತಿಮೆಯೂ ಸೇರಿಕೊಂಡಿದೆ. ಸಿಂಧೂ ನಾಗರಿಕತೆಯ ಹಳೆಯ ಊರು ಲೋಥಲ್ ಇರುವುದು ಅಪರೂಪ. ಇದ್ದರೂ ‘ಸಮಯ ಸಿಕ್ಕರೆ’ ಎಂಬ ಷರತ್ತು ಜೊತೆಗಿರುತ್ತದೆ. ಇದಕ್ಕೆ ಬಸ್ಸಿನವರನ್ನು ದೂರುವಂತಿಲ್ಲ. ಹಂಪಿಯ ವಿಠ್ಠಲ ದೇಗುಲ, ಬೇಲೂರಿನ ಮದನಿಕೆಯರನ್ನು ನೋಡಿ ಬೆಳೆದ ಕಣ್ಣಿಗೆ ಲೋಥಲ್‌ನಲ್ಲಿ ಸಿಗುವುದು ಗಿಡ್ಡ ಇಟ್ಟಿಗೆ ಗೋಡೆಗಳು, ಬಾವಿ, ಚರಂಡಿ, ಜೊತೆಗೆ ಉದ್ದನೆಯ ಒಂದು ಹೊಂಡ. ಶಿಲ್ಪ ಇಲ್ಲ, ಗೋಪುರ ಇಲ್ಲ, ಓದಲು ಬರುವ ಒಂದಕ್ಷರವೂ ಇಲ್ಲ. ಅರ್ಧ ಗಂಟೆಗೆಂದು ಇಳಿದವರು ಕಾಲು ಗಂಟೆಯಲ್ಲೇ ಬಸ್ಸಿನ ಹತ್ತಿರ ನಿಂತು ಚಹಾ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವ ಜಾಗ ಅದು.

ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಲೋಥಲ್‌ಗೆ ಪ್ಯಾಕೇಜ್ ಬಸ್ಸಿನಲ್ಲಿ ಹೋಗಬೇಡಿ. ಒಬ್ಬರೇ ಹೋಗಿ, ಜೊತೆ ಬೇಕೇ ಬೇಕು ಎಂದಾದರೆ ಮಾತು ಕಡಿಮೆ ಇರುವವರನ್ನು ಕರೆದುಕೊಳ್ಳಿ. ನಿಧಾನದ ಗಾಡಿ ಹಿಡಿಯಿರಿ, ಕೊನೆಯ ಆರೇಳು ಕಿಲೋಮೀಟರನ್ನು ಆ ಬಯಲು ನೋಡುತ್ತಾ ಕ್ರಮಿಸಿ. ಆ ಊರಿನ ಅರ್ಧ ಕಥೆ ಬೇಲಿಯ ಒಳಗಿದೆ, ಇನ್ನರ್ಧ ಅಲ್ಲಿಗೆ ಹೋಗುವ ದಾರಿಯ ಮಣ್ಣಿನಲ್ಲಿದೆ. ದಾರಿಯನ್ನು ನಿದ್ದೆಯಲ್ಲಿ ಕಳೆದವರಿಗೆ ಆ ಹೊಂಡ ಬರೀ ಹೊಂಡವಾಗಿಯೇ ಉಳಿಯುತ್ತದೆ.

ಕನ್ನಡಿಗರು ಹೋಗಬೇಕಾದ್ದಕ್ಕೆ ಇನ್ನೂ ಒಂದು ಕಾರಣವಿದೆ. ಈ ದಿಬ್ಬವನ್ನು ಕಂಡುಹಿಡಿದವರು ನಮ್ಮವರು. ಶಿಕಾರಿಪುರ ರಂಗನಾಥ ರಾವ್, ಅಂದರೆ ಎಸ್.ಆರ್. ರಾವ್, 1922ರಲ್ಲಿ ಮಲೆನಾಡಿನ ಆನಂದಪುರದಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಬರೋಡಾದಲ್ಲಿ ಪುರಾತತ್ವದ ಕೆಲಸಕ್ಕೆ ಸೇರಿದವರು. ಮುಂದೆ ದ್ವಾರಕೆಯ ಕಡಲೊಳಗೆ ಮುಳುಗುಗಾರರನ್ನು ಇಳಿಸಿ ಶೋಧ ನಡೆಸಿದ್ದರಿಂದ ಪತ್ರಿಕೆ ಓದುವವರಿಗೆ ಅವರು ‘ದ್ವಾರಕೆಯ ರಾವ್’ ಎಂದೇ ಗೊತ್ತು. ನನಗೆ ಮಾತ್ರ ಅವರ ದೊಡ್ಡ ಕೆಲಸ ಲೋಥಲ್ ಅನ್ನಿಸುತ್ತದೆ.

ಆ ಕೆಲಸದ ಹಿಂದೆ ದೇಶವಿಭಜನೆ ಇದೆ. 1947ರಲ್ಲಿ ಹರಪ್ಪ, ಮೊಹೆಂಜೊದಾರೊ ಎರಡೂ ಪಾಕಿಸ್ತಾನಕ್ಕೆ ಹೋದವು. ಸಿಂಧೂ ನಾಗರಿಕತೆ ಎಂದು ಶಾಲೆಯಲ್ಲಿ ಓದಿಸಲು ಭಾರತದೊಳಗೆ ತೋರಿಸುವಂಥ ಊರು ಹೆಚ್ಚಿರಲಿಲ್ಲ. ಪುರಾತತ್ವ ಇಲಾಖೆ ಎರಡು ಕಡೆ ಹುಡುಕಾಟಕ್ಕೆ ಇಳಿಯಿತು. ರಾಜಸ್ಥಾನದ ಘಗ್ಗರ್ ಪಾತ್ರದಲ್ಲಿ ಅಮಲಾನಂದ ಘೋಷ್ ಹುಡುಕಿದರು. ಗುಜರಾತ್-ಸೌರಾಷ್ಟ್ರದ ಪಾಲು ರಾವ್ ಅವರದಾಯಿತು. ರಂಗಪುರದ ಹಳೆಯ ದಿಬ್ಬವನ್ನು ಮತ್ತೆ ಅಗೆದು ಅದು ಹರಪ್ಪನ್ನರ ಊರೇ ಎಂದು ಗಟ್ಟಿಮಾಡಿಕೊಂಡ ಮೇಲೆ, ಇಂಥ ಊರು ಒಂಟಿಯಾಗಿರಲಾರದು ಎಂಬ ಲೆಕ್ಕಾಚಾರದಲ್ಲಿ ಅವರು ಭಾಲ್ ಪ್ರದೇಶದ ಹಳ್ಳಿಗಳನ್ನು ಜಾಲಾಡಿದರು. 1954ರ ನವೆಂಬರ್‌ನಲ್ಲಿ ಸರಗವಾಳ ಎಂಬ ಹಳ್ಳಿಯ ಬಳಿಯ ದಿಬ್ಬ ಸಿಕ್ಕಿತು. 1955ರ ಫೆಬ್ರುವರಿಯಲ್ಲಿ ಅಗೆತ ಶುರುವಾಯಿತು. ಅದು ಮುಗಿಯುವ ಹೊತ್ತಿಗೆ 60ರ ದಶಕ ಬಂದಿತ್ತು.

ನಾನು ಹೊರಟಿದ್ದು ಸೂರತ್‌ನ ಕತಾರ್‌ಗಾಮ್‌ನಿಂದ. ಅಲ್ಲಿ ನೆಂಟರ ಮನೆ ಇದ್ದದ್ದು ಒಂದು ಅನುಕೂಲವಷ್ಟೇ, ಆದರೆ ಲೋಥಲ್ ನೋಡಿ ಬಂದ ಮೇಲೆ ಅನ್ನಿಸಿದ್ದು, ಹೊರಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇರಲಾರದು. ಕತಾರ್‌ಗಾಮ್ ವಜ್ರ ಉಜ್ಜುವವರ ಬಡಾವಣೆ. ಅಮರೇಲಿ, ಭಾವನಗರ ಕಡೆಯ ಹಳ್ಳಿಗಳಿಂದ ಬಂದ ಕುಟುಂಬಗಳು ಇಲ್ಲಿಯೂ ಪಕ್ಕದ ವರಾಛಾದಲ್ಲೂ ನೆಲೆ ನಿಂತಿವೆ. ಉಜ್ಜುವವರನ್ನು ಊರವರು ‘ರತ್ನಕಲಾಕಾರ’ ಎನ್ನುತ್ತಾರೆ, ಉಜ್ಜುವ ಚಕ್ರಕ್ಕೆ ‘ಘಂಟಿ’. ಗುಜರಾತಿನಲ್ಲಿ ವಜ್ರದ ಗಣಿ ಒಂದೂ ಇಲ್ಲ. ಕಚ್ಚಾ ಕಲ್ಲು ಆಫ್ರಿಕಾದಿಂದಲೋ ರಷ್ಯಾದಿಂದಲೋ ಬರಬೇಕು, ಹೊಳಪು ಪಡೆದು ಅಮೆರಿಕಕ್ಕೋ ದುಬೈಗೋ ಹಾಂಗ್‌ಕಾಂಗ್‌ಗೋ ಹೋಗಬೇಕು. ಕಲ್ಲು ಹೊರಗಿನದು, ಗಿರಾಕಿಯೂ ಹೊರಗಿನವನು. ಈ ಊರಿನದು ಕೈ ಮಾತ್ರ. ಲೋಥಲ್‌ನ ಮಣಿ ಮಾಡುವವರ ಅಂಗಳದಲ್ಲಿ ನಿಂತಾಗ ಈ ಮಾತು ಇನ್ನೊಮ್ಮೆ ಬರುತ್ತದೆ.

ಸೂರತ್‌ನಿಂದ ಅಹಮದಾಬಾದ್‌ಗೆ ರೈಲಿನಲ್ಲಿ ಸುಮಾರು 230 ಕಿಲೋಮೀಟರ್. ವಂದೇ ಭಾರತ್ ಇದೆ, ಬೇಗ ಮುಟ್ಟಿಸುತ್ತದೆ. ನನ್ನ ಸಲಹೆ, ಕಿಟಕಿ ತೆಗೆಯಲು ಬರುವ ಸಾಧಾರಣ ಗಾಡಿ. ಏಕೆಂದರೆ ಈ ಪ್ರಯಾಣದಲ್ಲಿ ನದಿಗಳನ್ನು ನೋಡಬೇಕು. ನಿಲ್ದಾಣ ಬಿಟ್ಟ ಕೆಲವೇ ನಿಮಿಷಕ್ಕೆ ತಾಪಿ ಬರುತ್ತದೆ. ಆಮೇಲೆ ಭರೂಚ್‌ನಲ್ಲಿ ನರ್ಮದೆ. ಪಕ್ಕದಲ್ಲೇ 1881ರ ಗೋಲ್ಡನ್ ಬ್ರಿಜ್ ತನ್ನ ಕಬ್ಬಿಣದ ಕಮಾನುಗಳನ್ನು ಚಾಚಿಕೊಂಡು ನಿಂತಿರುತ್ತದೆ. ವಡೋದರಾ ದಾಟಿದ ಮೇಲೆ ವಾಸದ್ ಹತ್ತಿರ ಮಹಿ. ಕೊನೆಗೆ ಅಹಮದಾಬಾದ್‌ನಲ್ಲಿ ಸಾಬರಮತಿ. ನಾಲ್ಕೂ ಹೋಗಿ ಬೀಳುವುದು ಖಂಭಾತ್ ಕೊಲ್ಲಿಯ ಕಡಲಿಗೆ, ನಾಲ್ಕೂ ಹೊತ್ತು ತರುವುದು ಹೂಳು. ಆ ಕೊಲ್ಲಿಯ ಉಬ್ಬರವಿಳಿತ ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. ಭಾವನಗರದ ಕಡೆ ನೀರು ಹತ್ತು ಮೀಟರಿನಷ್ಟು ಏರಿ ಇಳಿಯುತ್ತದೆ. ನೀರು ಏರಿದಾಗ ಹಡಗು ಊರ ಬಾಗಿಲಿಗೇ ಬರುತ್ತದೆ, ಇಳಿದಾಗ ಕೆಸರಿನಲ್ಲಿ ಮಗುಚಿ ಬೀಳುತ್ತದೆ.

ಈ ಒಂದು ಸಂಗತಿಯಲ್ಲಿ ಗುಜರಾತಿನ ಬಂದರುಗಳ ಇತಿಹಾಸ ಎಲ್ಲ ಅಡಗಿದೆ. ಭರೂಚ್ ಎಂದರೆ ಗ್ರೀಕರ ಬಾರಿಗಾಜ. ಒಂದನೇ ಶತಮಾನದ ‘ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿ ಆ ಅಳಿವೆಯ ಉಬ್ಬರಕ್ಕೆ ಎಷ್ಟು ಹೆದರಿದೆ ಎಂದರೆ, ರಾಜನ ಕಡೆಯ ಸ್ಥಳೀಯ ಬೆಸ್ತರು ದೋಣಿಯಲ್ಲಿ ಬಂದು ಹಡಗನ್ನು ಕರೆದೊಯ್ಯುತ್ತಾರೆ ಎಂದು ವಿವರವಾಗಿ ಬರೆದಿದೆ. ಖಂಭಾತ್ ಸುಲ್ತಾನರ ಕಾಲದ ದೊಡ್ಡ ಬಂದರು, ಹೂಳು ತುಂಬಿ ನಿಂತಿತು. ಮೊಗಲರ ಕಾಲದ ಸೂರತ್‌ನಲ್ಲಿ ಇಂಗ್ಲಿಷರು 1613ರಲ್ಲಿ ಕೋಠಿ ತೆರೆದರು, ಆದರೆ ದೊಡ್ಡ ಹಡಗು ತಾಪಿಯೊಳಗೆ ಬರಲಾರದೆ ಸುವಾಲಿಯ ಕಡಲಂಚಿನಲ್ಲೇ ಲಂಗರು ಹಾಕಬೇಕಿತ್ತು. ಮುಂದೆ ವ್ಯಾಪಾರ ಮುಂಬಯಿಗೆ ಹೋಯಿತು. ಲೋಥಲ್ ಈ ಸಾಲಿನ ಮೊದಲನೆಯ ಹೆಸರು. ಇದು ತಲೆಯಲ್ಲಿದ್ದರೆ ಮುಂದೆ ನೋಡುವುದೆಲ್ಲ ಸುಲಭ.

ವಡೋದರಾದಲ್ಲಿ, ಅಂದರೆ ಬರೋಡಾದಲ್ಲಿ, ಇಳಿಯುವ ಪುರುಸೊತ್ತು ಇರುವವರು ಇಳಿಯಬಹುದು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ಬಗ್ಗೆ ಬರೆದ ರಾಬರ್ಟ್ ಬ್ರೂಸ್ ಫೂಟ್ ನಿವೃತ್ತಿಯ ನಂತರ ಬರೋಡಾ ಸಂಸ್ಥಾನಕ್ಕಾಗಿ ಭೂವಿಜ್ಞಾನದ ಸಮೀಕ್ಷೆ ಮಾಡಿಕೊಟ್ಟವರು. ಇಲ್ಲಿನ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1950ರಲ್ಲಿ ಪುರಾತತ್ವ ವಿಭಾಗ ಕಟ್ಟಿದ ಬಿ. ಸುಬ್ಬರಾವ್ ಅದಕ್ಕೆ ಮೊದಲು ಸಂಶೋಧನೆ ನಡೆಸಿದ್ದು ಬಳ್ಳಾರಿಯ ಶಿಲಾಯುಗದ ಮೇಲೆ, ಅಗೆದದ್ದು ಸಂಗನಕಲ್ಲಿನಲ್ಲಿ. ಕನ್ನಡ ನೆಲಕ್ಕೂ ಈ ಊರಿಗೂ ಮಣ್ಣು ಅಗೆಯುವವರ ಮೂಲಕ ಬೆಳೆದ ನಂಟು ಇದು. ಚಾಂಪಾನೇರ್-ಪಾವಾಗಢ ಇಲ್ಲಿಂದಲೇ ಹತ್ತಿರ. 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಅದಕ್ಕೊಂದು ಪೂರ್ತಿ ದಿನ ಬೇಕು.

ಅಹಮದಾಬಾದ್‌ನಿಂದ ಲೋಥಲ್ ಸುಮಾರು 80 ಕಿಲೋಮೀಟರ್. ಹೋಟೆಲಿನವರು ಕೂಡಲೇ ಟ್ಯಾಕ್ಸಿ ಗೊತ್ತುಮಾಡಿಕೊಡಲು ಮುಂದಾಗುತ್ತಾರೆ. ಮೂರ್ನಾಲ್ಕು ಮಂದಿ ಇದ್ದರೆ, ವಯಸ್ಸಾದವರು ಜೊತೆಗಿದ್ದರೆ ಅದೇ ಸರಿ. ಒಬ್ಬರೇ ಇದ್ದರೆ ಸಾಬರಮತಿಯ ಪಡುವಣ ದಡದ ಗಾಂಧಿಗ್ರಾಮ ನಿಲ್ದಾಣಕ್ಕೆ ಹೋಗಿ. ಬೋಟಾದ್ ಕಡೆ ಹೋಗುವ ಈ ಹಳಿ ಮೊದಲು ಮೀಟರ್‌ಗೇಜ್ ಆಗಿತ್ತು, ಈಗ ಬ್ರಾಡ್‌ಗೇಜ್. ಸರಖೇಜ್, ಅಕ್ಕಿ ಗಿರಣಿಗಳ ಬಾವ್ಳಾ, ಧೋಳ್ಕಾ ದಾಟಿ ‘ಲೋಥಲ್ ಭುರ್ಖಿ’ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಗಾಡಿಗಳು ಕಡಿಮೆ, ವೇಳೆ ಬದಲಾಗುತ್ತಿರುತ್ತದೆ. ಮೊಬೈಲ್ ಆ್ಯಪ್ ನೋಡಿದ ಮೇಲೂ ಹಿಂದಿನ ದಿನ ನಿಲ್ದಾಣದಲ್ಲಿ ಒಂದು ಮಾತು ಕೇಳುವುದು ಕ್ಷೇಮ. ಹೋಗುವ ಗಾಡಿಗಿಂತ ಬರುವ ಗಾಡಿಯ ಬಗ್ಗೆ ಹೆಚ್ಚು ವಿಚಾರಿಸಿ. ಬಸ್ಸಿನಲ್ಲಾದರೆ ರಾಜಕೋಟ್ ಹೆದ್ದಾರಿಯ ಬಗೋದ್ರಾದಲ್ಲಿ ಇಳಿದು, ಅಲ್ಲಿಂದ ರಿಕ್ಷಾ ಮಾತಾಡಿಕೊಳ್ಳಬಹುದು. ರಿಕ್ಷಾದವರಿಗೆ ಅಲ್ಲೇ ಕಾಯಲು ಹೇಳಿ, ಕಾಯುವ ದುಡ್ಡನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಅಲ್ಲಿ ನಿಂತು ಕೈ ಮಾಡಿದರೆ ಬರುವ ವಾಹನಗಳು ಎಮ್ಮೆಗಳಿಗಿಂತ ಕಡಿಮೆ.

ನಿಲ್ದಾಣದಿಂದ ಮುಂದಿನ ದಾರಿಯೇ ನಾನು ಹೇಳಿದ ಇನ್ನರ್ಧ. ಇದು ಭಾಲ್ ಸೀಮೆ. ಮರ ಇಲ್ಲ, ಗುಡ್ಡ ಇಲ್ಲ, ಕಣ್ಣು ಹಾಯುವಷ್ಟು ದೂರ ನೆಲ ಅಲುಗಾಡದ ನೀರಿನ ಹಾಗೆ ಚಪ್ಪಟೆ. ಮಳೆಗಾಲದಲ್ಲಿ ಇಲ್ಲಿ ನೀರು ನಿಲ್ಲುತ್ತದೆ. ಇಂಗಿದ ಮೇಲೆ ಆ ತೇವದ ಬಲದಲ್ಲೇ ನೀರಾವರಿಯಿಲ್ಲದೆ ಗೋಧಿ ಬೆಳೆಯುತ್ತಾರೆ. ನವಲಗುಂದ, ರೋಣದ ಎರೆಹೊಲದಲ್ಲಿ ಹಿಂಗಾರಿ ಜೋಳ ನೋಡಿದವರಿಗೆ ಈ ಬೇಸಾಯ ವಿವರಿಸಬೇಕಿಲ್ಲ. ‘ಭಾಲಿಯಾ’ ಎಂಬ ಈ ಗಟ್ಟಿ ಗೋಧಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಹೊಲದ ನಡುವೆ ಅಲ್ಲಲ್ಲಿ ಉಪ್ಪು ಬಿಳಿಚಿಕೊಂಡ ಪಟ್ಟಿಗಳು ಕಾಣುತ್ತವೆ. ಕಡಲು ಈಗ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ, ಆದರೆ ಅದು ಇಲ್ಲಿ ಇದ್ದು ಹೋದದ್ದನ್ನು ಮಣ್ಣು ಮುಚ್ಚಿಟ್ಟಿಲ್ಲ. ಸರಗವಾಳದ ಸುತ್ತಿನವರ ನೆನಪಿನಲ್ಲೂ ನೀರಿತ್ತು. ಹಿಂದಿನ ಶತಮಾನದವರೆಗೂ ಉಬ್ಬರದ ಹೊತ್ತಿಗೆ ದೋಣಿಗಳು ಈ ದಿಬ್ಬದ ತನಕ ಬರುತ್ತಿದ್ದವೆಂದೂ, 1942ರಲ್ಲಿ ಭರೂಚ್‌ನಿಂದ ಮರ ಬಂದಿತ್ತೆಂದೂ ರಾವ್ ತಂಡಕ್ಕೆ ಹೇಳಿದವರಿದ್ದರು. ಕಡಲಿಗೆ ಹೋಗುವವರ ದೇವತೆ ಸಿಕೋತರ ಮಾತೆಗೆ ಇಲ್ಲಿ ಪೂಜೆ ನಡೆಯುತ್ತಿತ್ತು. ಕಡಲೇ ಕಾಣದ ಊರಿನಲ್ಲಿ ಕಡಲ ದೇವಿ ಏಕೆ ಎಂದು ಕೇಳಿಕೊಳ್ಳುವಷ್ಟು ಕುತೂಹಲ ಆ ಮಲೆನಾಡಿನ ಮನುಷ್ಯನಿಗೆ ಇತ್ತು.

ಒಳಗೆ ಹೋದ ಮೇಲೆ ಎಲ್ಲರೂ ನೇರ ಹೊಂಡಕ್ಕೇ ಓಡುತ್ತಾರೆ. ತಡೆಯಿರಿ. ಮೊದಲು ಉಗ್ರಾಣದ ಕಟ್ಟೆಗೆ ಹೋಗಿ. ನೆಲಕ್ಕಿಂತ ಸುಮಾರು ಮೂರೂವರೆ ಮೀಟರ್ ಎತ್ತರದ ಜಗಲಿ. ಅದರ ಮೇಲೆ ಹಸಿ ಇಟ್ಟಿಗೆಯ ಚೌಕ ದಿಮ್ಮಿಗಳು, ನಡುವೆ ಗಾಳಿ ಆಡುವ ಓಣಿಗಳು. ಮೂಲದಲ್ಲಿ ಇಂಥವು 64 ಇದ್ದವಂತೆ, ಉಳಿದಿರುವುದು 12. ಒಂದು ದಿನ ಇಲ್ಲಿಗೆ ಬೆಂಕಿ ಬಿತ್ತು. ಸರಕು ಸುಟ್ಟುಹೋಯಿತು, ಆದರೆ ಸರಕಿನ ಗಂಟುಗಳಿಗೆ ಮೆತ್ತಿದ್ದ ಹಸಿ ಜೇಡಿಯ ಚೀಟಿಗಳು ಆ ಬೆಂಕಿಯಲ್ಲಿ ಬೆಂದು ಗಟ್ಟಿಯಾದವು. ಹೀಗೆ ಉಳಿದ 65 ಮುದ್ರೆಯ ಅಚ್ಚುಗಳು ಓಣಿಗಳಲ್ಲಿ ಸಿಕ್ಕವು. ಒಂದು ಮಗ್ಗುಲಲ್ಲಿ ಪ್ರಾಣಿ, ಲಿಪಿಯ ಮುದ್ರೆ. ಮತ್ತೊಂದು ಮಗ್ಗುಲಲ್ಲಿ ನೇಯ್ದ ಬಟ್ಟೆ, ಹಗ್ಗ, ಚಾಪೆಯ ಗುರುತು. ನಾಲ್ಕು ಸಾವಿರ ವರ್ಷಗಳ ಹಿಂದಿನ ಹತ್ತಿಬಟ್ಟೆ ಕೊಳೆತು ಹೋಗಿದೆ, ಅದನ್ನು ಕಟ್ಟಿದ್ದ ಹಗ್ಗದ ಗಂಟು ಜೇಡಿಯಲ್ಲಿ ಉಳಿದಿದೆ. ನನ್ನ ಮಟ್ಟಿಗೆ ಇಡೀ ಲೋಥಲ್‌ನಲ್ಲಿ ಇದಕ್ಕಿಂತ ಬೆಲೆಬಾಳುವ ವಸ್ತು ಇಲ್ಲ, ಚಿನ್ನದ ಮಣಿಗಳನ್ನೂ ಸೇರಿಸಿ.

ಈಗ ಹೊಂಡ. ಉದ್ದ ಸುಮಾರು 215 ಮೀಟರ್, ಅಗಲ 36 ಮೀಟರ್‌ನಷ್ಟು. ನಾಲ್ಕೂ ಕಡೆ ಸುಟ್ಟ ಇಟ್ಟಿಗೆಯ ನೆಟ್ಟನೆಯ ಗೋಡೆ. ಮಳೆಯ ನೀರು ನಿಂತಿದ್ದರಂತೂ ನಮ್ಮ ಕಡೆಯವರಿಗೆ ಥಟ್ಟನೆ ತೋಚುವುದು ‘ಕೆರೆ’ ಎಂದೇ. ಹಾಗೆ ತೋಚಿದ್ದು ನಮಗೆ ಮಾತ್ರವಲ್ಲ. ರಾವ್ ಇದನ್ನು ಹಡಗುಕಟ್ಟೆ ಎಂದು ಸಾರಿದ ಮೇಲೆ, 1968ರಲ್ಲಿ ಲಾರೆನ್ಸ್ ಲೆಶ್ನಿಕ್ ಎಂಬ ವಿದ್ವಾಂಸ ‘ಅಮೆರಿಕನ್ ಆಂಥ್ರೊಪಾಲಜಿಸ್ಟ್’ ಪತ್ರಿಕೆಯಲ್ಲಿ ತಕರಾರು ತೆಗೆದ. ಇದು ಕುಡಿಯುವುದಕ್ಕೋ ನೀರಾವರಿಗೋ ಕಟ್ಟಿದ ಜಲಾಶಯ, ಹಡಗು ಇಲ್ಲಿಗೆ ತಿರುಗಿ ಬರುವುದೇ ಕಷ್ಟ, ಹರಪ್ಪನ್ನರ ಬೇರೆ ಯಾವ ಊರಿನಲ್ಲೂ ಇಂಥದ್ದು ಇಲ್ಲ ಎಂಬ ಧಾಟಿಯ ವಾದ ಅಂದಿನಿಂದ ನಡೆಯುತ್ತಲೇ ಇದೆ.

ಇಲ್ಲಿಯೇ ಕನ್ನಡಿಗ ಪ್ರವಾಸಿಗೆ ಒಂದು ಅನುಕೂಲ. ಕೆರೆ ಎಂದರೆ ಏನು ಎಂದು ನಮಗೆ ಯಾರೂ ಕಲಿಸಬೇಕಿಲ್ಲ. ಏರಿ ಒಂದು ಕಡೆ ಇರುತ್ತದೆ, ಉಳಿದ ಕಡೆ ನೆಲ ಇಳಿಜಾರಾಗಿ ನೀರಿಗೆ ಇಳಿಯುತ್ತದೆ. ತಳದಲ್ಲಿ ತೂಬು, ಪಕ್ಕದಲ್ಲಿ ಕೋಡಿ. ದನ ಇಳಿಯಲು ಜಾಗ, ಹೆಂಗಸರು ಕೊಡ ತುಂಬಲು ಸೋಪಾನ. ಕಲ್ಯಾಣಿಯಾದರೆ ಸುತ್ತ ಮೆಟ್ಟಿಲು. ಲೋಥಲ್‌ನ ಗೋಡೆಗಳ ಮೇಲೆ ನಿಂತು ಇವನ್ನು ಒಂದೊಂದಾಗಿ ಹುಡುಕಿ. ಮೆಟ್ಟಿಲು ಇಲ್ಲ. ಇಳಿಜಾರು ಇಲ್ಲ. ನೀರು ಸೇದುವವರಿಗಾಗಿ ಕಟ್ಟಿದ್ದೇ ಆದರೆ ಇಷ್ಟು ಅನನುಕೂಲವಾಗಿ, ಇಷ್ಟು ದುಬಾರಿ ಇಟ್ಟಿಗೆಯಲ್ಲಿ ಕಟ್ಟುತ್ತಿದ್ದರೇ? ಊರೊಳಗೆ ಚೆನ್ನಾದ ಇಟ್ಟಿಗೆ ಬಾವಿ ಬೇರೆ ಇದೆ. ಕೋಡಿಯ ಥರದ್ದೊಂದು ಮಾತ್ರ ದಕ್ಷಿಣದ ಗೋಡೆಯಲ್ಲಿದೆ, ಹಲಗೆ ಇಳಿಬಿಡಲು ಬರುವಂಥ ತೋಡು ಕೊರೆದಿದೆ. ಉಬ್ಬರದಲ್ಲಿ ಉತ್ತರದ ಬಾಯಿಂದ ಬಂದ ನೀರನ್ನು ಹಲಗೆ ಇಳಿಸಿ ಹಿಡಿದಿಡುವುದು, ಇಳಿತದಲ್ಲೂ ಹಡಗು ತೇಲುವಂತೆ ನೋಡಿಕೊಳ್ಳುವುದು: ರಾವ್ ಓದಿದ್ದು ಹೀಗೆ. ಇದೇ ಕೊಲ್ಲಿಯ ಭಾವನಗರ ಬಂದರಿನಲ್ಲಿ ಇಪ್ಪತ್ತನೇ ಶತಮಾನದ ಎಂಜಿನಿಯರುಗಳು ಇದೇ ಕಾರಣಕ್ಕೆ ಲಾಕ್‌ಗೇಟ್ ಕೂರಿಸಿದ್ದಾರೆ. ಹೊಂಡದ ತಳದಲ್ಲಿ ತೂತು ಕೊರೆದ ಲಂಗರುಗಲ್ಲಿನಂಥವೂ ಸಿಕ್ಕಿವೆ.

ಹಾಗೆಂದು ರಾವ್ ಹೇಳಿದ್ದನ್ನೆಲ್ಲ ಒಪ್ಪಬೇಕೆಂದಿಲ್ಲ. ಸಿಂಧೂ ಲಿಪಿಯನ್ನು ಓದಿಬಿಟ್ಟೆ ಎಂದು ಅವರು 1982ರಲ್ಲಿ ಪುಸ್ತಕವನ್ನೇ ಬರೆದರು. ವಿದ್ವಲ್ಲೋಕ ಒಪ್ಪಲಿಲ್ಲ, ಒಪ್ಪದಿದ್ದದ್ದು ಸರಿಯೇ. ಇಲ್ಲಿ ಸಿಕ್ಕ ಸಣ್ಣ ಮಣ್ಣಿನ ಬೊಂಬೆಗಳಲ್ಲಿ ಒಂದನ್ನು ಗೊರಿಲ್ಲಾ, ಇನ್ನೊಂದನ್ನು ಈಜಿಪ್ಟಿನ ಮಮ್ಮಿ ಎಂದು ಅವರು ಗುರುತಿಸಿದ್ದು ನನಗಂತೂ ಕಣ್ಣಿಗಿಂತ ಆಸೆ ಮುಂದೆ ಓಡಿದಂತೆ ಕಾಣುತ್ತದೆ. ಆದರೆ ಹಡಗುಕಟ್ಟೆಯ ವಿಷಯದಲ್ಲಿ ಕಾಲ ಅವರ ಕಡೆ ವಾಲುತ್ತಿದೆ. ಗಾಂಧಿನಗರದ ಐಐಟಿಯವರು ಉಪಗ್ರಹ ಚಿತ್ರ, ಹಳೆಯ ನಕ್ಷೆಗಳನ್ನು ಹೊಂದಿಸಿ ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನ, ಈಗ ಸುಮಾರು 20 ಕಿಲೋಮೀಟರ್ ಮೂಡಣಕ್ಕೆ ಹರಿಯುವ ಸಾಬರಮತಿ ಹರಪ್ಪನ್ನರ ಕಾಲಕ್ಕೆ ಲೋಥಲ್‌ನ ಮಗ್ಗುಲಲ್ಲೇ ಇತ್ತು ಎನ್ನುತ್ತದೆ. ನಳ ಸರೋವರ, ಚಿಕ್ಕ ರಣ್ ಮೂಲಕ ಧೋಳಾವೀರಾದ ವರೆಗೂ ಜಲಮಾರ್ಗದ ಸಾಧ್ಯತೆ ಇತ್ತು ಎಂದೂ ತೋರಿಸುತ್ತದೆ. ವಾದ ಮುಗಿದಿದೆ ಎನ್ನಲಾರೆ. ನನ್ನ ಮತ ಮಾತ್ರ ಹಡಗುಕಟ್ಟೆಗೆ. ನೀವು ಆ ಗೋಡೆಯ ಮೇಲೆ ನಿಂತು, ನಿಮ್ಮೂರಿನ ಕೆರೆಯನ್ನು ನೆನೆದು, ನಿಮ್ಮ ಮತ ಹಾಕಿ.

ಹೊರನಾಡುಗಳ ಜೊತೆ ವ್ಯಾಪಾರ ಇತ್ತೆಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ. ಸಿಂಧೂ ಮುದ್ರೆಗಳು ಸಾಮಾನ್ಯವಾಗಿ ಚೌಕ; ಲೋಥಲ್‌ನಲ್ಲಿ ದುಂಡಗಿನದೊಂದು ಸಿಕ್ಕಿತು, ಬಹ್ರೇನ್ ಕಡೆಯ ಪರ್ಷಿಯನ್ ಕೊಲ್ಲಿಯ ಮಾದರಿಯದು. ಅದರ ಬಗ್ಗೆ ರಾವ್ 1963ರಲ್ಲಿ ಬ್ರಿಟನ್ನಿನ ‘ಆ್ಯಂಟಿಕ್ವಿಟಿ’ ಪತ್ರಿಕೆಯಲ್ಲಿ ಬರೆದರು. ಅತ್ತ ಮೆಸೊಪೊಟೇಮಿಯಾದಲ್ಲಿ ಅಕ್ಕಾಡಿನ ದೊರೆ ಸಾರ್ಗೋನ್, ಮೆಲುಹ್ಹದ ಹಡಗುಗಳು ತನ್ನ ಊರ ಕಟ್ಟೆಗೆ ಬಂದು ನಿಲ್ಲುತ್ತಿದ್ದವೆಂದು ಕೊಚ್ಚಿಕೊಂಡಿದ್ದಾನೆ. ಮೆಲುಹ್ಹ ಎಂದರೆ ಸಿಂಧೂ ಬಯಲಿನ ಕಡೆಯ ನಾಡು ಎಂಬುದು ಬಹುಪಾಲು ವಿದ್ವಾಂಸರ ಮತ. ಊರ್ ನಗರದ ರಾಜಸಮಾಧಿಗಳಲ್ಲಿ ಸಿಕ್ಕ ಉದ್ದನೆಯ ಕೆಂಪು ಕಾರ್ನೀಲಿಯನ್ ಮಣಿಗಳು ಈ ಕಡೆಯ ಕುಶಲಿಗಳ ಕೈಯವು.

ಆ ಮಣಿಗಳನ್ನು ಮಾಡಿದಂಥ ಒಂದು ಕಾರ್ಖಾನೆ ಇಲ್ಲೇ ಇದೆ. ನಡುವೆ ಅಂಗಳ, ಸುತ್ತ ಕೋಣೆ, ಪಕ್ಕದಲ್ಲಿ ಕುಲುಮೆ. ಅರ್ಧ ಒಡೆದದ್ದು, ಉಜ್ಜಿದ್ದು, ತೂತು ಕೊರೆಯಬೇಕಾದದ್ದು ಎಂದು ಬೇರೆ ಬೇರೆ ಹಂತದ ಮಣಿಗಳು ಸಿಕ್ಕಿದ್ದರಿಂದ ಕೆಲಸದ ಕ್ರಮ ಸ್ಪಷ್ಟವಾಗಿ ಗೊತ್ತಾಗಿದೆ. ಕಲ್ಲು ಬಂದದ್ದು ಭರೂಚ್ ಜಿಲ್ಲೆಯ ರತನಪುರದ ಗಣಿಗಳ ಕಡೆಯಿಂದ ಎನ್ನುತ್ತಾರೆ. ತೆಗೆದಾಗ ಅದು ಕಂದು, ಮಾಸಲು; ಬಿಸಿಲಿಗೆ ಒಣಗಿಸಿ, ಮಡಕೆಯಲ್ಲಿಟ್ಟು ಸುಟ್ಟರೆ ಒಳಗಿನ ಕಬ್ಬಿಣದ ಅಂಶ ಕೆಂಪಾಗುತ್ತದೆ. ಖಂಭಾತ್‌ನ ಅಕೀಕ್ ಕಲ್ಲಿನ ಕೆಲಸಗಾರರು ಇವತ್ತಿಗೂ ಇದೇ ಉಪಾಯ ಮಾಡುತ್ತಾರೆ. ಬರೋಡಾದ ವಿಶ್ವವಿದ್ಯಾಲಯದವರೂ ವಿದೇಶಿ ಪುರಾತತ್ವಜ್ಞರೂ ಖಂಭಾತ್‌ನ ಓಣಿಗಳಲ್ಲಿ ಕೂತು, ಅವರ ಕೈ ನೋಡಿ, ಹರಪ್ಪನ್ನರ ಕೈಯನ್ನು ಅರ್ಥಮಾಡಿಕೊಂಡಿದ್ದಾರೆ. ಖಂಭಾತ್‌ನವರು ಈಗ ತೂತು ಕೊರೆಯುವ ಬೈರಿಗೆಯ ತುದಿಗೆ ಕೂರಿಸುವುದು ವಜ್ರದ ಚೂರು.

ಅಲ್ಲಿಗೆ ಕತಾರ್‌ಗಾಮ್‌ನ ಮಾತು ಬಂತು. ದೂರದ ನಾಡಿನ ಶ್ರೀಮಂತರ ಕುತ್ತಿಗೆಗೆಂದು ಕಲ್ಲು ಉಜ್ಜುವ ಕೆಲಸ ಈ ಕೊಲ್ಲಿಯ ಸುತ್ತ ಇನ್ನೂ ನಿಂತಿಲ್ಲ. ಅದರ ಅಪಾಯವೂ ಹಾಗೇ ಉಳಿದಿದೆ. ರಷ್ಯಾದ ಕಲ್ಲಿನ ಮೇಲೆ ನಿರ್ಬಂಧ, ಪ್ರಯೋಗಾಲಯದ ವಜ್ರಗಳ ಪೈಪೋಟಿ, ಅಮೆರಿಕದ ಸುಂಕ ಎಂದು ಈಚಿನ ವರ್ಷಗಳಲ್ಲಿ ಒಂದರ ಮೇಲೊಂದು ಪೆಟ್ಟು ಬಿದ್ದು ಸೂರತ್‌ನ ಎಷ್ಟೋ ಘಂಟಿಗಳು ನಿಂತವು, ರತ್ನಕಲಾಕಾರರು ಊರಿಗೆ ಮರಳಿದರು. ಲೋಥಲ್ ಕ್ರಿ.ಪೂ. 1900ರ ಆಸುಪಾಸಿನಲ್ಲಿ ಬಡವಾದದ್ದಕ್ಕೆ ಪ್ರವಾಹ, ನದಿ ಪಾತ್ರ ಬದಲಿಸಿದ್ದು, ಕಡಲಾಚೆಯ ಗಿರಾಕಿ ಕಾಣೆಯಾದದ್ದು ಎಂದು ಹಲವು ಕಾರಣ ಕೊಡುತ್ತಾರೆ. ಕತಾರ್‌ಗಾಮ್‌ನ ಬೀದಿಯಲ್ಲಿ ಬೀಗ ಹಾಕಿದ ಶೆಡ್‌ಗಳನ್ನು ನೋಡಿದವರಿಗೆ ಮೂರನೆಯ ಕಾರಣ ಹೆಚ್ಚು ಬೇಗ ಅರ್ಥವಾಗುತ್ತದೆ.

ಮೇಲಿನ ಕೋಟೆಯ ಭಾಗದಲ್ಲಿ ಸಾಲಾಗಿ ಬಚ್ಚಲು ಕಟ್ಟೆಗಳಿವೆ, ಒಂದೇ ಚರಂಡಿಗೆ ನೀರು ಬಿಡುವಂಥವು. ಎಲ್ಲ ಪ್ರವಾಸಿಗರೂ ಇಲ್ಲಿ ನಿಂತು ನಮ್ಮ ನಗರಪಾಲಿಕೆಗಳನ್ನು ಬೈಯುತ್ತಾರೆ. ನಾನೂ ಬೈದಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ವಸ್ತುಸಂಗ್ರಹಾಲಯ. ಸಣ್ಣದು, 1976ರದು. ದಂತದ ಅಳತೆಕೋಲಿನ ತುಂಡನ್ನು ತಪ್ಪಿಸಿಕೊಳ್ಳಬೇಡಿ: ಅದರ ಗೆರೆಗಳ ನಡುವಿನ ಅಂತರ 1.7 ಮಿಲಿಮೀಟರ್‌ನಷ್ಟು. ಮರದ ಮೇಲೆ ಬಾಯಲ್ಲಿ ಮೀನು ಹಿಡಿದ ಹಕ್ಕಿಗಳು, ಕೆಳಗೆ ನರಿಯಂಥ ಪ್ರಾಣಿ ಇರುವ ಮಡಕೆಯ ಚಿತ್ರವನ್ನು ರಾವ್ ನಮ್ಮ ಕಾಗೆ-ನರಿ ಕಥೆಯ ಹಳೆಯ ರೂಪ ಎಂದು ಊಹಿಸಿದ್ದರು. ಊಹೆ ಎಂದೇ ನೋಡಿ, ಆದರೂ ಖುಷಿಯಾಗುತ್ತದೆ.

ಹೋಗುವ ಕಾಲ ಡಿಸೆಂಬರ್, ಜನವರಿ. ಬೇಸಿಗೆಯಲ್ಲಿ ಆ ಬಯಲಿನಲ್ಲಿ ನೆರಳೆಂಬುದಿಲ್ಲ; ಮಳೆಗಾಲದಲ್ಲಿ ಭಾಲ್‌ನ ಕೆಸರು ಚಪ್ಪಲಿಯನ್ನು ವಾಪಸ್ ಕೊಡುವುದಿಲ್ಲ. ನೀರು, ಊಟ ಕಟ್ಟಿಕೊಂಡು ಹೋಗಿ. ಗಾಂಠಿಯಾ, ಥೇಪ್ಲಾ ಕೆಡುವುದಿಲ್ಲ. ಗೋಡೆಗಳ ಮೇಲೆ ಓಡಾಡಬಾರದು ಎಂಬ ಕಡೆ ಓಡಾಡಬೇಡಿ, ಗುಂಡಿ-ಕಂದಕಗಳ ಅಂಚಿಗೆ ಹೋಗಬೇಡಿ. ಈ ನೆಲ ಸಡಿಲ. 2024ರ ನವೆಂಬರ್‌ನಲ್ಲಿ ಮಣ್ಣಿನ ಮಾದರಿಗೆಂದು ಲೋಥಲ್ ಬಳಿ ತೋಡಿದ್ದ ಗುಂಡಿ ಕುಸಿದು ದೆಹಲಿ ಐಐಟಿಯ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಪ್ರಾಣ ಕಳೆದುಕೊಂಡರು.

ಸ್ಥಳದ ಪಕ್ಕದಲ್ಲೇ ಈಗ ಕ್ರೇನುಗಳು ಎದ್ದಿವೆ. ಸುಮಾರು 400 ಎಕರೆಯಲ್ಲಿ, ಸುಮಾರು 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸಾಗರ ಪರಂಪರೆ ಸಂಕೀರ್ಣ ಬರುತ್ತಿದೆ. 77 ಮೀಟರ್ ಎತ್ತರದ ದೀಪಸ್ತಂಭದ ವಸ್ತುಸಂಗ್ರಹಾಲಯವೂ ಅದರಲ್ಲಿ ಸೇರಿದೆ. ಕಡಲಿಲ್ಲದ ಕಡೆ ದೀಪಸ್ತಂಭ ಎಂದು ನಗುವವರು ನಗಲಿ. ಜನ ಬರುತ್ತಾರೆ, ಹಳ್ಳಿಗರಿಗೆ ಕೆಲಸ ಸಿಗುತ್ತದೆ, ಒಳ್ಳೆಯದೇ. ನನ್ನ ಆತಂಕ ಬೇರೆ. ಅಷ್ಟು ಎತ್ತರದ್ದನ್ನು ನೋಡಿ ದಣಿದವರಿಗೆ ಆ ಗಿಡ್ಡ ಇಟ್ಟಿಗೆ ಗೋಡೆ ನೋಡುವ ತಾಳ್ಮೆ ಉಳಿದೀತೇ? 2014ರಿಂದ ಲೋಥಲ್ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿ ಕಾಯುತ್ತಾ ಕೂತಿದೆ. ಧೋಳಾವೀರಾ 2021ರಲ್ಲಿ, ನಮ್ಮ ಹೊಯ್ಸಳ ದೇಗುಲಗಳು 2023ರಲ್ಲಿ ಒಳಗೆ ಹೋದವು. ಮೂಲ ದಿಬ್ಬದ ಸುತ್ತ ಅದರ ಬಯಲು, ಅದರ ಖಾಲಿತನ ಉಳಿದರೆ ಮಾತ್ರ ಅದಕ್ಕೆ ಅರ್ಥ. ಹೊಸ ಸಂಕೀರ್ಣದಲ್ಲಿ ಎಸ್.ಆರ್. ರಾವ್ ಹೆಸರಿನ ಒಂದು ಕೋಣೆಯನ್ನಾದರೂ ಮಾಡಿ, ಅವರ ಅಗೆತದ ದಾಖಲೆಗಳನ್ನು ಅಲ್ಲಿ ತೆರೆದಿಡಬೇಕು ಎಂದು ಕರ್ನಾಟಕದ ಕಡೆಯಿಂದ ಒಂದು ದನಿ ಏಳಬೇಕು. ರಾವ್ 2013ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಇಂಥ ಬೇಡಿಕೆ ಇಡುವುದಕ್ಕೆ ನಮಗಿಂತ ಹೆಚ್ಚಿನ ಹಕ್ಕು ಇರುವವರು ಯಾರೂ ಇಲ್ಲ.

ಹೋಗುವವರು ಶುಕ್ರವಾರ ಮಾತ್ರ ಹೋಗಬೇಡಿ, ವಸ್ತುಸಂಗ್ರಹಾಲಯಕ್ಕೆ ಅಂದು ರಜೆ.